ಟ್ರಂಕಿನ ಜಾಗಕ್ಕೆ ವಾಷಿಂಗ್ ಮಷೀನು

ಹೊಸ ಯಂತ್ರವೊಂದರ ಸುದ್ದಿ ಪತ್ರಿಕೆಯಲ್ಲಿ ಬಂದರೆ, ತಿಂಗಳೊಪ್ಪತ್ತಿನಲ್ಲಿ ಅದು ಜೋರಾಪುರ ಪೇಟೆಯ ನಮ್ಮ ಮನೆಗೂ ಬರುತ್ತದೆ. ಬಂದ ವಾರದೊಳಗೆ ನಾವು ಓಣಿಗೆಲ್ಲ ನಗೆಪಾಟಲಾಗುತ್ತೇವೆ. ಇದು ಒಮ್ಮೆಯೂ ತಪ್ಪಿಲ್ಲ.

ನಾನು ಆ ಕಾಲದಲ್ಲೇ ಬಿ.ಎ. ಮಾಡಿದವಳು. ಪತ್ರಿಕೆಯನ್ನು ಪೆನ್ಸಿಲ್ ಹಿಡಿದೇ ಓದುತ್ತೇನೆ. ಲಗ್ನವಾದಂದಿನಿಂದ ವಹಿ ಬರೆಯುತ್ತಿದ್ದೇನೆ: ನಳದಲ್ಲಿ ನೀರು ಬಂದ ದಿನ, ಉಪ್ಪಿನಕಾಯಿ ಹಾಕಿದ ದಿನ, ಯಾರು ಬಂದರು, ಏನು ತಂದರು. ವಹಿಗಳೆಲ್ಲ ಬಚ್ಚಲಿಗೆ ಹತ್ತಿದ ಮೂಲೆಯಲ್ಲಿ ಒಂದು ಟ್ರಂಕಿನಲ್ಲಿವೆ. ಸೊಸೆಗೆ ಆ ಮೂಲೆ ಬೇಕಾಗಿತ್ತು.

"ಅತ್ತೀ, ಇದೆಲ್ಲ ಫೋನಿನ್ಯಾಗ ಹಿಡಸ್ತದರಿ. ಟ್ರಂಕ್ ತಗದ್ರ ಅಲ್ಲಿ ವಾಷಿಂಗ್ ಮಷೀನ್ ಕೂಡ್ತದ."

"ಫೋನು ನನ್ನಕಿಂತ ಚಲೋ ನೆನಪ ಇಟ್ರ ಕೂಡಸು ಯವ್ವಾ" ಎಂದೆ.

ಮುಂದಿನ ತಿಂಗಳು ಬಬಲೇಶ್ವರದಲ್ಲಿ ಮಗಳ ನಾದಿನಿಯ ಮದುವೆ ಇತ್ತು. ಬೀಗರಿಗೆ ಆಯೇರಿಯ, ಅಂದರೆ ಮದುವೆ ಉಡುಗೊರೆಯ, ಸೀರೆ ಒಯ್ಯಬೇಕು. ನಮಗೆ ಬಂದ ಸೀರೆಗಳಲ್ಲೇ ಒಂದನ್ನು ಕೊಡುವುದು ರೂಢಿ, ಆದರೆ ಕೊಟ್ಟವರಿಗೇ ಅವರ ಸೀರೆ ತಿರುಗಿ ಹೋದರೆ ಮಾನ ಹೋಗುತ್ತದೆ. ಆಯೇರಿಯನ್ನು ಫೋನು ಸರಿಯಾಗಿ ಆರಿಸಿದರೆ ವಹಿಗಳು ರದ್ದಿಗೆ, ಇಲ್ಲದಿದ್ದರೆ ಟ್ರಂಕು ಇದ್ದಲ್ಲೇ ಇರಬೇಕು ಎಂದು ಠರಾವಾಯಿತು. ನ್ಯಾಯ ಹೇಳುವವರು ನಮ್ಮ ಮನೆಯವರು. ಅವರು ಮೊದಲಿನಿಂದಲೂ ಫೋನಿನ ಪಾರ್ಟಿ. ಆ ತಿಂಗಳಲ್ಲಿ ನಡೆದದ್ದನ್ನು ವಹಿ ನೋಡಿಕೊಂಡೇ ಬರೆಯುತ್ತಿದ್ದೇನೆ.

ಚಪ್ಪಾಳೆ ದೀಪ

ಮಗ ಸೊಲ್ಲಾಪುರ ರಸ್ತೆಯ ಅಂಗಡಿಯಿಂದ ಒಂದು ದೀಪ ತಂದ. ಒಂದು ಚಪ್ಪಾಳೆಗೆ ಹತ್ತುತ್ತದೆ, ಇನ್ನೊಂದಕ್ಕೆ ಆರುತ್ತದೆ. ಸುದ್ದಿ ನಾನೂ ಓದಿದ್ದೆ. ಕೈ ಎತ್ತಿ ಬಟನ್ ಒತ್ತುವುದಕ್ಕಿಂತ ಎರಡೂ ಕೈ ಎತ್ತಿ ಬಡಿಯುವುದು ಹೇಗೆ ಸುಲಭವೆಂದು ಪತ್ರಿಕೆಯಲ್ಲಿ ಎಲ್ಲೂ ಬರೆದಿರಲಿಲ್ಲ.

ದೀಪವನ್ನು ಅಡುಗೆಮನೆಗೆ ಹಾಕಿದರು. ಸಂಜೆ ಸೊಸೆ ಜೋಳದ ರೊಟ್ಟಿ ಬಡಿಯಲು ಕುಳಿತಳು. ಒಂದು ಏಟಿಗೆ ಬೆಳಕು, ಮತ್ತೊಂದಕ್ಕೆ ಕತ್ತಲೆ. ಎದುರು ಮನೆಯ ಮುದುಕಿ ಕಟ್ಟೆಯಿಂದಲೇ ಕೇಳಿದಳು, "ಏ ಯವ್ವಾ, ನಿಮ್ಮ ಮನಿ ಒಳಗ ಸಿಡ್ಲು ಮಿಂಚಾಕತ್ತದ ಏನ?"

ಮಗ ಬಾಗಿಲಲ್ಲಿ ನಿಂತು ಬಹಳ ವಿಚಾರ ಮಾಡಿ ಹೇಳಿದ, "ಇನ್ನ ಮ್ಯಾಲ ಚಪಾತಿ ಲಟ್ಟಿಸಿದ್ರ ಆಗ್ತದಲ್ಲ?"

ಸೊಸೆ ದೀಪವನ್ನು ಬಿಚ್ಚಿ ಬಚ್ಚಲಿಗೆ ಹಾಕಿದಳು. ಬಚ್ಚಲಿಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಮರುದಿನ ಸಂಜೆ ಮಗ ಮುಖಕ್ಕೆ ಸಾಬೂನು ಹಚ್ಚಿಕೊಂಡು ಒಳಗಿನಿಂದ ಕೂಗಿದ, "ಯಾರ್ ಲೇ ಅದು, ಬಟನ್ ಕೂಡ ಆಟ ಆಡಾಕತ್ತೀರಿ?"

"ಯಾರೂ ಆಡಾಕತ್ತಿಲ್ರಿ" ಎಂದಳು ಸೊಸೆ, ಕೈ ನಿಲ್ಲಿಸದೆ. "ನಿಮಗ ಎಷ್ಟ ರೊಟ್ಟಿ ಬೇಕು ಹೇಳ್ರಿ, ಅಷ್ಟಕ್ಕ ಬಿಡ್ತೀನಿ."

ಸಂಡಿಗೆ ಮತ್ತು ಮಳೆ

ಮಾಳಿಗೆಯ ಮೇಲೆ ಸಂಡಿಗೆ ಇಟ್ಟು ಕೆಳಗಿಳಿದಿದ್ದೆ. ಸೊಸೆಯ ಫೋನು ಆಂಬ್ಯುಲೆನ್ಸಿನಂತೆ ಕೂಗಿತು. ಇನ್ನೆರಡು ತಾಸಿನಲ್ಲಿ ಮಳೆಯಂತೆ. ಮೇಲೆ ನೋಡಿದರೆ ಒಂದು ಮೋಡವಿಲ್ಲ.

"ಸೊಲ್ಲಾಪುರದ ಮಳಿ ಇರಬೇಕು, ವಿಳಾಸ ತಪ್ಪಿ ನಿನ್ನ ಫೋನಿಗೆ ಬಂದದ" ಎಂದೆ.

ಎರಡು ತಾಸಿಗೆ ಸಂಡಿಗೆ ಮತ್ತೆ ಹಿಟ್ಟಾಗಿ ಮಳೆನೀರಿನ ಪರನಾಳದಲ್ಲಿ ಇಳಿದು ಬಂತು. ನಾನು ಸುಳ್ಳು ಬರೆಯುವವಳಲ್ಲ. ಅಂದಿನ ವಹಿಯಲ್ಲಿ "ಮಳೆ ಬಂತು" ಎಂದು ಬರೆದೆ. ಯಾರು ಮೊದಲೇ ಹೇಳಿದ್ದರೆಂದು ಬರೆಯಲಿಲ್ಲ.

ತಿಕೋಟಾದ ಈಜು

ನಮ್ಮ ಮನೆಯವರಿಗೆ ಮಗ ಕೈಗಡಿಯಾರ ಕಟ್ಟಿದ. ವೇಳೆಯನ್ನೊಂದು ಬಿಟ್ಟು ಉಳಿದುದನ್ನೆಲ್ಲ ಹೇಳುತ್ತದೆ: ಎಷ್ಟು ನಡೆದಿರಿ, ಹೇಗೆ ಮಲಗಿದಿರಿ, ಎದೆ ಎಷ್ಟು ಬಡಿಯಿತು. ಇವರು ದಿನಕ್ಕೆ ನಾಲ್ಕು ಸಲ ಅದನ್ನು ನನಗೆ ಓದಿ ಹೇಳುತ್ತಿದ್ದರು.

ತಿಕೋಟಾದಲ್ಲಿ ನನ್ನ ತಮ್ಮನದು ಒಣದ್ರಾಕ್ಷಿಯ ಶೆಡ್ಡು ಇದೆ. ಹೋದಾಗ ಇವರೂ ಜರಡಿ ಹಿಡಿದು ದ್ರಾಕ್ಷಿ ಸೋಸಲು ಕುಳಿತರು. ಸ್ವಲ್ಪ ಹೊತ್ತಿಗೆ ಗಡಿಯಾರ ಗುಂಯ್ ಎಂದಿತು. ಇವರು ಕನ್ನಡಕ ಏರಿಸಿ ಓದಿದರು: ನೀವು ಅರ್ಧ ತಾಸಿನಿಂದ ಈಜುತ್ತಿದ್ದೀರಿ, ಶಾಬಾಸ್, ಹೀಗೇ ಮುಂದುವರಿಯಿರಿ.

ಬಾವಿಯೊಳಗೆ ಇಣುಕಿದರೂ ತಲೆ ತಿರುಗುವ ಮನುಷ್ಯ ಇವರು. ಆದರೂ ಗಡಿಯಾರ ಹೇಳಿತೆಂದು ಮುಖ ಅರಳಿತು. ನನ್ನ ಕಡೆ ತಿರುಗಿ, "ಬರ್ಕೋ ನಿನ್ನ ವಹಿಯಾಗ" ಎಂದರು.

ನನ್ನ ತಮ್ಮ ಜರಡಿ ಕೆಳಗಿಟ್ಟು ಕೈ ಮುಗಿದ. "ಮಾಮಾ, ನಾವು ಬೋರ್ ಹೊಡಿಸಿ ಹೊಡಿಸಿ ಸಾಕಾದ್ವಿ, ಒಂದ ಹನಿ ಬಿದ್ದಿಲ್ಲ. ನೀವು ಎಲ್ಲಿ ಈಸಾಡಿದ್ರಿ, ಆ ಜಾಗಾ ತೋರಿಸಿ ಹೋಗ್ರಿ."

ಹಸಿರು ಇಳಕಲ್

ಆಯೇರಿ ಆರಿಸುವ ದಿನ ಬಂತು. ಸೊಸೆ ಕಪಾಟಿನ ಸೀರೆಗಳಿಗೆಲ್ಲ ಫೋಟೋ ತೆಗೆದು, ಕೊಟ್ಟವರ ಹೆಸರನ್ನು ನನ್ನಿಂದಲೇ ಕೇಳಿ ಬರೆದಿಟ್ಟಿದ್ದಳು. ಕೆಂಪು ಸೆರಗಿನ ಹಸಿರು ಇಳಕಲ್ ಎರಡಿದ್ದವು. ಒಂದು ಇಬ್ರಾಹಿಂಪುರದ ನನ್ನ ಗೆಳತಿ ಕೊಟ್ಟದ್ದು, ಇನ್ನೊಂದು ಬಬಲೇಶ್ವರದ ಬೀಗತಿ, ಅಂದರೆ ಮಗಳ ಅತ್ತೆ ಕೊಟ್ಟದ್ದು. ಇವೆರಡೂ ಒಂದೇ ಫೋಟೋ, ಒಂದನ್ನು ಅಳಿಸಲೇ ಎಂದು ಫೋನು ಕೇಳಿದಾಗ ಸೊಸೆ ಹೂಂ ಅಂದಿದ್ದಳು. ಅದು ಅಳಿಸಿದ್ದು ಬೀಗತಿಯದನ್ನು. ಗೆಳತಿಯ ಸೀರೆಯನ್ನು ಅಷ್ಟರಲ್ಲಿ ನಾನು ತಂಗಿಗೆ ಕೊಟ್ಟಾಗಿತ್ತು. ಫೋನು ನೋಡಿ ಸೊಸೆ ಉಳಿದಿದ್ದ ಹಸಿರು ಸೀರೆಯನ್ನೇ ಆಯೇರಿಗೆ ತೆಗೆದಿಟ್ಟಳು.

"ಇದು ಬೀಗರದs ಸೀರಿ ಬೇ" ಎಂದು ವಹಿ ತೆರೆದು ತೋರಿಸಿದೆ.

"ಇಬ್ರಾಹಿಂಪುರದ್ದಂತ ಫೋನಿನ್ಯಾಗ ಅದರಿ ಅತ್ತೀ, ಫೋಟೋ ಸಮೇತ."

ಮನೆಯವರು ಎರಡನ್ನೂ ನೋಡಿದರು. "ವಹಿಯೊಳಗ ಫೋಟೋ ಎಲ್ಲದ?" ಎಂದು ಫೋನಿನ ಕಡೆ ನ್ಯಾಯ ಹೇಳಿದರು.

ನಾನು ಮತ್ತೊಂದು ಸಲ ಹೇಳಿದೆ. ಮೂರನೆಯ ಸಲ ಹೇಳಲಿಲ್ಲ. ಬೀಗರೆದುರು ಮಾನ ಹೋದೀತೆಂಬ ಅಂಜಿಕೆ ಇತ್ತು. ಆದರೆ ಟ್ರಂಕು ಉಳಿದೀತೆಂಬ ಆಸೆ ಅದಕ್ಕಿಂತ ದೊಡ್ಡದಾಗಿತ್ತು. ಇದನ್ನು ಒಪ್ಪಿಕೊಳ್ಳಲೇಬೇಕು.

ಬಬಲೇಶ್ವರದಲ್ಲಿ ಹೆಣ್ಣುಮಕ್ಕಳೆಲ್ಲ ಸುತ್ತ ಕುಳಿತಿದ್ದರು. ಬೀಗತಿ ಸಾಲಿ ಮಾಸ್ತರಿಣಿಯಾಗಿದ್ದವರು. ಸೀರೆಯನ್ನು ತೊಡೆಯ ಮೇಲೆ ಬಿಚ್ಚಿ, ಅಂಚು ನೋಡುತ್ತ, ನಡುವಿನ ಮಡಿಕೆಯೊಳಗಿಂದ ಟಾಚಣಿ ಪಿನ್ನು ಚುಚ್ಚಿದ ಒಂದು ಚೀಟಿ ತೆಗೆದರು. ಕನ್ನಡಕ ಹಾಕಿಕೊಂಡು, ವರ್ಗದಲ್ಲಿ ಪಾಠ ಓದುವ ದನಿಯಲ್ಲಿ ಎಲ್ಲರಿಗೂ ಕೇಳುವಂತೆ ಓದಿದರು:

"ಬಬಲೇಶ್ವರದ ಬೀಗರು ಕೊಟ್ಟದ್ದು. ಸೆರಗಿನ ಮೂಲೆ ತೊಯಿಸಿ ನೋಡಿದೆ, ಬಣ್ಣ ಬಿಡುತ್ತದೆ. ನಾವು ಉಡುವುದು ಬೇಡ. ಯಾರಿಗಾದರೂ ಕೊಟ್ಟು ಕಳೆಯುವುದು."

ಕೆಳಗೆ ತಾರೀಖು, ನನ್ನ ಸಹಿ, ಸಹಿಯ ಮುಂದೆ ಬಿ.ಎ.

ಸೊಸೆ ನನ್ನ ಕಿವಿಯ ಹತ್ತಿರ ಬಂದು, "ನೀವs ಗೆದ್ರಿ ಅತ್ತೀ, ಟ್ರಂಕ್ ಅಲ್ಲೇ ಇರ್ಲಿ" ಎಂದಳು. ಗೆದ್ದು ಇಷ್ಟು ಬೆವರಿದ್ದು ನನಗೆ ನೆನಪಿಲ್ಲ.

ಬೀಗತಿ ಚೀಟಿಯನ್ನು ನೀಟಾಗಿ ಮಡಚಿ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡರು. "ಅಕ್ಷರ ಭಾಳ ದುಂಡಗ ಅದಾವರಿ ಬೀಗತ್ಯಾರ" ಎಂದು ಸೀರೆಯ ಮೇಲೆ ಕೈಯಾಡಿಸಿದರು. "ಬಣ್ಣ ಬಿಡ್ತದ ಅನ್ನೂದು ನಮಗೂ ಗೊತ್ತಿತ್ರಿ. ಇಲ್ಲಂದ್ರ ನಿಮಗ ಯಾಕ ಕೊಡ್ತಿದ್ವಿ?"