ಭಾನುವಾರ ಮಾತ್ರ ಓಡುವ ಸರ್ವರ್ ಮಹಾಶಯರಿಗೆ

ರಾಜಧಾನಿ ನುಕುಅಲೋಫಾದ ತಂಪು ಕೋಣೆಯಲ್ಲಿ, ನೊಣವೂ ಸುಳಿಯದ ಏಕಾಂತದಲ್ಲಿ ವಿರಾಜಮಾನರಾಗಿರುವ ಮಾನ್ಯ ಸರ್ವರ್ ಯಂತ್ರದವರೇ,

ತಮ್ಮೊಳಗಿನ ಫ್ಯಾನುಗಳೆಲ್ಲ ಸುಖವಾಗಿ ತಿರುಗುತ್ತಿವೆಯೆಂದು ನಂಬಿ, ಟೊಂಗಾ ದೇಶದ ಈ ಹೊರದ್ವೀಪದ ಸಮಸ್ತರ ಪರವಾಗಿ ವಂದಿಸುತ್ತೇನೆ.

ನಮ್ಮ ಶಾಲೆಯ ಗಣಕಯಂತ್ರಕ್ಕೂ ತಮಗೂ ನಡುವೆ ಕಡತಗಳು ಎಷ್ಟು ವೇಗವಾಗಿ ಸಾಗುತ್ತವೆಯೆಂದು ತಾವು ವಾರ ತಪ್ಪದೆ ಪರೀಕ್ಷಿಸುತ್ತೀರಿ. ಅದಕ್ಕೆ ತಾವು ಆರಿಸಿಕೊಂಡಿರುವುದು ಭಾನುವಾರದ ಪ್ರಾರ್ಥನೆಯ ಹೊತ್ತು. ದುಡಿಮೆ ಪಾಪವಾದ ಆ ದಿನ ಬಲೆಗಳು ಒಣಗುತ್ತಿರುತ್ತವೆ, ಮೊಬೈಲುಗಳು ಮಲಗಿರುತ್ತವೆ, ದ್ವೀಪವಿಡೀ ಚರ್ಚಿನಲ್ಲಿರುತ್ತದೆ. ಖಾಲಿ ದಾರಿಯಲ್ಲಿ ತಮ್ಮ ಪರೀಕ್ಷಾ ಕಡತ ಹಾರಿಬರುತ್ತದೆ. ‘ವೇಗ ಅತ್ಯುತ್ತಮ’ ಎಂಬ ಪ್ರಮಾಣಪತ್ರ ಅಂಚೆ ಕಚೇರಿಯ ಗೋಡೆ ಏರುತ್ತದೆ. ಉಳಿದ ದಿನಗಳಲ್ಲಿ ಅದೇ ದಾರಿಯಲ್ಲಿ ಒಂದು ಛಾಯಾಚಿತ್ರ ಕಳುಹಿಸಿದರೆ, ಅದು ತಲುಪುವಷ್ಟರಲ್ಲಿ ಚಿತ್ರದಲ್ಲಿದ್ದ ಮಗುವಿಗೆ ಹಲ್ಲು ಬಂದಿರುತ್ತದೆ.

ಗಾಯನಸ್ಪರ್ಧೆಗಾಗಿ ಮಾತಾಲೇನಾ ಅವರ ಚರ್ಚ್ ವೃಂದದ ಧ್ವನಿಮುದ್ರಣ ಭಾನುವಾರ ಸಂಜೆಯೊಳಗೆ ತಮ್ಮ ಉದರ ಸೇರಬೇಕಿತ್ತು. ವಾರವಿಡೀ ಕಳುಹಿಸಿದರೂ ಪ್ರತಿಸಲವೂ ಅರ್ಧದಲ್ಲೇ ಕಡಿಯಿತು. ಶನಿವಾರ ಆಕೆ ನನ್ನಲ್ಲಿಗೆ ಬಂದು, “ಆ ಮೆಷಿನ್‌ಗೆ ಭಾನುವಾರ ಪಾಪ ತಟ್ಟಲ್ವಂತಲ್ಲ ಮಾಸ್ತರೇ, ನಾಳೆ ಅದೇ ದುಡೀಲಿ. ನಾವ್ಯಾರೂ ಮುಟ್ಟೋದ್ ಬೇಡ,” ಎಂದರು. ಪ್ರಾರ್ಥನೆಯ ಹೊತ್ತಿಗೆ ಹಾಡು ತಾನಾಗಿ ಹೊರಡುವಂತೆ ಅಂದೇ ಹೊಂದಿಸಿಟ್ಟೆವು. ಆದರೆ ಹಾಡು ದೊಡ್ಡದು, ಪ್ರಾರ್ಥನೆ ಚಿಕ್ಕದು. ಜನ ಹೊರಬಿದ್ದೊಡನೆ ಮೊಬೈಲುಗಳು ಎಚ್ಚರಗೊಂಡು ದಾರಿ ತುಂಬಿಬಿಡುತ್ತವಲ್ಲ.

“ಅಯ್ಯನವ್ರೇ, ಇವತ್ತು ಪ್ರವಚನ ಸ್ವಲ್ಪ ಉದ್ದ ಎಳೀರಿ,” ಎಂದು ಭಾನುವಾರ ಬೆಳಿಗ್ಗೆ ಆಕೆ ಪಾದ್ರಿ ಫಿನೌ ಅವರನ್ನು ಬೇಡಿದರು.

“ಇಷ್ಟು ವರ್ಷ ಗಿಡ್ಡ ಮಾಡಿ ಅಂತಿದ್ದೋಳು ನೀನೇ ಅಲ್ವೇನಮ್ಮ? ದೇವರು ದೊಡ್ಡವನು,” ಎಂದ ಪಾದ್ರಿಗಳು ನೋಹನ ನಾವೆಯ ಕಥೆಯನ್ನು ಎತ್ತಿಕೊಂಡು, ಒಂದೊಂದೇ ಪ್ರಾಣಿಯನ್ನು ಹೆಸರು ಹಿಡಿದು ಹತ್ತಿಸತೊಡಗಿದರು. ಅಷ್ಟರಲ್ಲಿ ಮನೆಮನೆಯಲ್ಲೂ ನೆಲ ಅಗೆದು ಮಾಡಿದ ಮಣ್ಣೊಲೆಯಲ್ಲಿ ಹೂತು ಬಂದಿದ್ದ ಭೋಜನ, ಕೆಸುವಿನೆಲೆ ಸುತ್ತಿದ ಮಾಂಸವೂ ಸೇರಿದಂತೆ, ಸೀದ ವಾಸನೆಯಾಗಿ ಒಳಬಂದಿತು.

“ಅಲ್ಲಿ ಹಂದಿ ಹಡಗು ಹತ್ತೋ ಹೊತ್ತಿಗೆ ನನ್ ಹಂದಿ ಇದ್ದಲಾಗಿರುತ್ತೆ,” ಎಂದು ಪಕ್ಕದಲ್ಲಿ ಕುಳಿತಿದ್ದ ಕಲಿಸಿ ಎಂಬ ಅಜ್ಜಿ ಪಿಸುಗುಟ್ಟಿದರು. ಆದರೂ ಏಳಲಿಲ್ಲ, ಯಾರೂ ಏಳಲಿಲ್ಲ. ಕಿಟಕಿಯಾಚೆ ಶಾಲೆಯ ಗಣಕಯಂತ್ರದ ಪರದೆಯಲ್ಲಿ, ಕಡತ ಸಾಗಿದಷ್ಟೂ ಬೆಳೆಯುವ ಹಸಿರು ಪಟ್ಟಿ ತುಂಬಿದ್ದನ್ನು ಕಂಡು ನಾನು “ಆಮೆನ್” ಎಂದೆ. ಪಾದ್ರಿಗಳು ಜಿರಾಫೆಗಳನ್ನು ದಡದಲ್ಲೇ ಬಿಟ್ಟು ವೇದಿಕೆಯಿಂದ ಇಳಿದರು.

ಹಾಡು ತಲುಪಿತು. ತಾವಾದರೋ ಅದನ್ನೂ ಪರೀಕ್ಷೆಯೆಂದೇ ಎಣಿಸಿ, ನಮ್ಮ ವೇಗ ಕಂಡು ಬೆರಗಾಗಿ, ನಮಗೆ ಬರಬೇಕಿದ್ದ ಹೊಸ ಇಂಟರ್ನೆಟ್ ತಂತಿಯನ್ನು ‘ಅಗತ್ಯವಿಲ್ಲ’ವೆಂದು ಬೇರೆ ದ್ವೀಪಕ್ಕೆ ದಯಪಾಲಿಸಿದ್ದೀರಿ. ತಮ್ಮ ನ್ಯಾಯಬುದ್ಧಿಗೆ ಶರಣು. ಕಲಿಸಿ ಅಜ್ಜಿ ಆಕ್ಲೆಂಡಿನ ಮಗಳೊಡನೆ ಹರಟುವ ಸೋಮವಾರ ಸಂಜೆಯೂ ಒಮ್ಮೆ ಪರೀಕ್ಷಿಸುವ ಕೃಪೆಯಾಗಲಿ. ಇಲ್ಲವೇ ವಾರದ ಎಲ್ಲ ದಿನಗಳನ್ನೂ ಭಾನುವಾರವೆಂದು ಘೋಷಿಸಿರಿ. ಪಾದ್ರಿಗಳು ಸಿದ್ಧರಿದ್ದಾರೆ, ಒಲೆಗಳು ಮಾತ್ರ ಒಪ್ಪುತ್ತಿಲ್ಲ.

ಇನ್ನೂ ಹಸಿದಿರುವ,
ತಮ್ಮ ವಿಶ್ವಾಸಿ,
ಸೆಮಿಸಿ ಲೋಲೋಹೇಯಾ, ನಿವೃತ್ತ ಶಾಲಾ ಮಾಸ್ತರ

ಮರೆತ ಮಾತು: ಸ್ಪರ್ಧೆಯ ಫಲಿತಾಂಶದ ಪತ್ರವನ್ನು ತಾವು ಸೋಮವಾರ ಕಳುಹಿಸಿದ್ದಕ್ಕೆ ಧನ್ಯವಾದಗಳು. ಈವರೆಗೆ ಅದರ ಮೇಲಂಚಿನ ಹೂಬಳ್ಳಿ ಮಾತ್ರ ತಲುಪಿದೆ. ಗೆದ್ದವರ ಹೆಸರಿಗಾಗಿ ಭಾನುವಾರದವರೆಗೆ ಕಾಯುತ್ತೇವೆ. ಪಾದ್ರಿಗಳು ಜಿರಾಫೆಗಳಿಂದ ಮುಂದುವರಿಸಲಿದ್ದಾರೆ, ಊರಿನವರು ಈ ಸಲ ಒಲೆಯನ್ನೇ ಹೊತ್ತಿಸುವುದಿಲ್ಲವಂತೆ.