ಐವತ್ತು ಕೆಬಿಯೊಳಗೆ ಕೂರಲೊಪ್ಪದ ನನ್ನ ಮುಖದ ಕುರಿತು

ಹಾಸ್ಟೆಲ್ ಅರ್ಜಿಯ ವೆಬ್‌ಸೈಟಿನಲ್ಲಿ ‘ಭಾವಚಿತ್ರ ಇಲ್ಲಿ ಹಾಕಿ’ ಎಂದು ಬಾಯಿ ತೆರೆದು ಕುಳಿತಿರುವ ಚೌಕದವರ ಸನ್ನಿಧಿಗೆ,

ಮಾನ್ಯರೇ,

ಅರಕೆರೆಯ ಚೈತ್ರ, ಪ್ರಥಮ ಬಿಎಸ್ಸಿ, ಮಾಡುವ ನಮಸ್ಕಾರಗಳು. ನಮಸ್ಕಾರ ಐವತ್ತು ಕೆಬಿ ಮೀರಿದ್ದರೆ ಅರ್ಧವನ್ನಷ್ಟೇ ಸ್ವೀಕರಿಸಬೇಕಾಗಿ ವಿನಂತಿ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದ ನನಗೆ ರೂಲ್ಸ್ ಎಂದರೆ ಎದ್ದು ನಿಲ್ಲುವ ಅಭ್ಯಾಸ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಶುಕ್ರವಾರ ಸಂಜೆ ಐದರೊಳಗೆ ತಾವು ನನ್ನ ಫೋಟೊ ನುಂಗದೆ ಹೋಗಿದ್ದರೆ ಸೀಟು ತಪ್ಪಿ, ನಾನು ದಿನಾ ಅರಕೆರೆಯಿಂದ ಶ್ರೀರಂಗಪಟ್ಟಣ, ಅಲ್ಲಿಂದ ಪಾಂಡವಪುರ, ಅಲ್ಲಿಂದ ನಾಗಮಂಗಲವೆಂದು ಮೂರು ಬಸ್ಸು ಹತ್ತಿ ಕಾಲೇಜು ಮುಟ್ಟುವಷ್ಟರಲ್ಲಿ ಕೊನೇ ಬೆಲ್ ಹೊಡೆದಿರುತ್ತಿತ್ತು.

ತಮ್ಮ ಷರತ್ತು ಎರಡೇ: ಫೋಟೊ ಐವತ್ತು ಕೆಬಿ ಮೀರಬಾರದು, ಮುಖ ಸ್ಪಷ್ಟವಾಗಿರಬೇಕು. ನಮ್ಮ ಮನೆಯದು ಒಂದೇ: ಸರ್ಕಾರಕ್ಕೆ ಹೋಗುವ ಫೋಟೊ ರೇಷ್ಮೆ ಸೀರೆಯಲ್ಲಿರಬೇಕು. “ಆಫೀಸರ್ರು ನೋಡ್ತಾರೆ ಕಣವ್ವ, ಏನಂದ್ಕಂಡಾರು” ಎಂದು ಅಜ್ಜಿ ಮಾದಮ್ಮ ತನ್ನ ಜರಿ ಸೀರೆ ಉಡಿಸಿ, ಎರಡು ಮೊಳ ಮಲ್ಲಿಗೆ ಮುಡಿಸಿ, ನಾಗರಾಜಣ್ಣನ ಸ್ಟುಡಿಯೊದ ಜಲಪಾತದ ಪರದೆಯ ಮುಂದೆ ನಿಲ್ಲಿಸಿದಳು. ಫೈಲು ನಾಲ್ಕು ಎಂಬಿ ಬಂತು. ತಾವು ‘ಗಾತ್ರ ಹೆಚ್ಚಾಗಿದೆ’ ಎಂದಿರಿ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಕಡ್ಡಿ ಆಗವ್ಳೆ, ಇವಳದ್ಯಾವ ಗಾತ್ರ” ಎಂದು ತಮ್ಮ ಮೇಲೆ ಬೇಜಾರು ಮಾಡಿಕೊಂಡಳು.

ಪುಕ್ಕಟೆ ಸಿಗುವ ಒಂದು ಸೈಟಿನಲ್ಲಿ ಕ್ವಾಲಿಟಿ ಹತ್ತಕ್ಕೆ ಇಳಿಸಿದೆ. ಫೈಲು ನಲವತ್ತೆಂಟು ಕೆಬಿ, ಮುಖ ಮಾತ್ರ ಚೌಕಚೌಕವಾಗಿ ಕೊಯ್ದಿಟ್ಟ ಮೈಸೂರುಪಾಕಿನ ತಟ್ಟೆ. ‘ಮುಖ ಸ್ಪಷ್ಟವಿಲ್ಲ’ ಎಂದಿರಿ. ಹೀಗೆ ಹನ್ನೊಂದು ಸಲ. ಹೆತ್ತವರೂ ನನ್ನ ಮುಖವನ್ನು ಇಷ್ಟು ಶ್ರದ್ಧೆಯಿಂದ ನೋಡಿರಲಾರರು. ಅದಕ್ಕಾಗಿ ತಮಗೆ ಸನ್ಮಾನವೇ ಆಗಬೇಕು. ಮುಂದಿನ ವರ್ಷದಿಂದ ಐವತ್ತು ಕೆಬಿಯ ಸಿದ್ಧ ಮುಖಗಳನ್ನು ಪುಸ್ತಕ, ಬ್ಯಾಗಿನ ಜೊತೆ ತಾವೇ ಹಂಚುವಿರಾದರೆ ನನ್ನ ಅಳತೆ ಕಳಿಸಿಕೊಡುವೆ.

ಶುಕ್ರವಾರ ಮೂರು ಗಂಟೆಗೆ ಅಳುಮುಖ ಹೊತ್ತು ಅಜ್ಜಿಯೂ ನಾನೂ ಮತ್ತೆ ನಾಗರಾಜಣ್ಣನ ಬಳಿ ಹೋದೆವು. ಆತ ಹಳೇ ಫೋಟೊದ ಪರದೆಯನ್ನೂ ಸೀರೆಯನ್ನೂ ತೋರಿಸಿ, “ಜಲಪಾತದ ಒಂದೊಂದ್ ಹನಿ, ಜರಿಯ ಒಂದೊಂದ್ ಎಳೆ, ಎಲ್ಲಾ ಫೈಲಲ್ಲಿ ಜಾಗ ಇಡ್ಕತವೆ ಕಣವ್ವ, ನಿನ್ ಮುಖಕ್ಕೆ ಜಾಗ ಎಲ್ಲೈತೆ? ಬೆನ್ನಿಂದೆ ಬಿಳೀ ಗೋಡೆ ಇರ್ಲಿ, ಮೈಮೇಲೆ ಸಾದಾ ಬಟ್ಟೆ. ಫೋಟೊ ಅಳತೆ ಚಿಕ್ಕದು ಮಾಡ್ಬುಟ್ರೆ ಕ್ವಾಲಿಟಿ ಅಷ್ಟೊಂದು ಇಳಿಸೋದೇ ಬೇಡ” ಎಂದ. ಅಜ್ಜಿ ಒಪ್ಪಲಿಲ್ಲ. “ಸೀಟ್ ಬೇಕೋ ಸೀರೆ ಬೇಕೋ, ಬೇಗ ಯೋಳಜ್ಜಿ” ಎಂದು ಆತ ಗದರಿದ ಮೇಲೆ ಸ್ವಲ್ಪ ಯೋಚಿಸಿ, “ಅವಳು ಚೂಡಿದಾರದಲ್ಲಿ ನಿಂತ್ಕಳ್ಳಿ, ಸೀರೆ ನಾನ್ ಉಟ್ಕತೀನಿ” ಎಂದಳು. ಉಟ್ಟಳು ಕೂಡ. ಸರ್ಕಾರದ ಗೌರವಕ್ಕೆ ಕುಂದು ಬಾರದಂತೆ, ಚೌಕಟ್ಟಿನಿಂದ ಎರಡಡಿ ಆಚೆ, ಜರಿ ಸೆರಗು ಹೊದ್ದು ಸೆಟೆದು ನಿಂತಳು.

ನಲವತ್ತಾರು ಕೆಬಿ. ಮೂಗಿನ ಮೇಲಿನ ಮಚ್ಚೆಯೂ ಸ್ಪಷ್ಟ. ನಾಲ್ಕು ನಲವತ್ತಕ್ಕೆ ತಾವು ನುಂಗಿದಿರಿ.

ಅಷ್ಟೇ ಕೆಬಿಗಳ ತೂಕದ,
ತಮ್ಮ ವಿಶ್ವಾಸಿ,
ಚೈತ್ರ

ಮರೆತ ಮಾತು: ಸೀಟು ಮಂಜೂರಾಗಿದೆ ಎಂಬ ಸಂದೇಶ ತಲುಪಿತು, ಧನ್ಯವಾದಗಳು. ಕೊಠಡಿ ಯಾವುದೆಂದು ತಿಳಿಸುವ ತಮ್ಮ ಒಂದು ಪುಟದ ಆದೇಶಪತ್ರ ಇಪ್ಪತ್ತೆರಡು ಎಂಬಿ ಇದ್ದು, ಬೆಳಿಗ್ಗೆಯಿಂದ ನಮ್ಮೂರ ನೆಟ್‌ವರ್ಕಿನಲ್ಲಿ ಇಳಿಯುತ್ತಲೇ ಇದೆ. ಸೋಮವಾರ ಟ್ರಂಕಿನೊಂದಿಗೆ ಬರುತ್ತೇನೆ; ಅಷ್ಟರಲ್ಲೂ ಅದು ತೆರೆಯದಿದ್ದರೆ ಯಾವ ಕೊಠಡಿಯ ಬಾಗಿಲು ಮೊದಲು ತೆರೆಯುತ್ತದೋ ಅದರಲ್ಲೇ ಹಾಸಿಗೆ ಬಿಚ್ಚುತ್ತೇನೆ. ಆಕ್ಷೇಪವಿದ್ದರೆ ಒಂದೇ ಸಾಲಿನಲ್ಲಿ, ಫೈಲು ಉಬ್ಬಿಸುವ ಮೊಹರಿಲ್ಲದೆ ತಿಳಿಸುವುದು.