ಮದ್ದಿಗೆ ಬಿದ್ದ ಅಕ್ಷತೆ

ಒಂದೇ ಕೆಲಸವನ್ನು ಎರಡು ಸಲ ಒಂದೇ ರೀತಿ ಮಾಡುವುದು ಎಷ್ಟು ಕಷ್ಟ ಎಂಬುದು ಅಡುಗೆ ಮಾಡುವವರಿಗೆ ಗೊತ್ತು, ಉಣ್ಣುವವರಿಗೆ ಗೊತ್ತಿಲ್ಲ. ನನ್ನ ಹೆಂಡತಿ ಜಯಮ್ಮ ಫೋನಿನಲ್ಲಿ ಅಕ್ಕನ ಜೊತೆ ಜಗಳವಾಡುತ್ತಲೇ ಸಾರಿಗೆ ಉಪ್ಪು ಹಾಕುತ್ತಾಳೆ; ಮದುವೆಯಾದಂದಿನಿಂದ ಆ ಉಪ್ಪು ಹೆಚ್ಚಾದದ್ದನ್ನಾಗಲಿ ಕಡಿಮೆಯಾದದ್ದನ್ನಾಗಲಿ ನಾನು ಕಂಡಿಲ್ಲ. ನಾನು ಉಪ್ಪಿಟ್ಟು ಮಾಡಿದರೆ ಅದೇ ರವೆ, ಅದೇ ಲೋಟ, ಅದೇ ಒಲೆ; ಆದರೂ ಒಂದು ದಿನ ಗಂಜಿ, ಇನ್ನೊಂದು ದಿನ ಮರಳು. "ನಿಮ್ಮ ಕೈಗೆ ಜ್ಞಾಪಕಶಕ್ತಿ ಇಲ್ಲ ಕಣ್ರೀ" ಎಂದು ಅವಳು ಹೇಳಿದಾಗಲೆಲ್ಲ ನಾನು ನಕ್ಕುಬಿಡುತ್ತಿದ್ದೆ. ಉಪ್ಪಿಟ್ಟು ಕೆಟ್ಟರೆ ಕೆಡುವುದು ನಾಲಿಗೆಯ ರುಚಿ ಮಾತ್ರ. ಆದರೆ ಇದೇ ಕೈಯಿಂದ ನಾನೊಮ್ಮೆ ಒಬ್ಬ ಸಜ್ಜನರ ಬಲಗೈಯನ್ನೇ ಕಳೆಯುವುದರಲ್ಲಿದ್ದೆ. ವಯಸ್ಸಾಯಿತು, ಇನ್ನು ಮುಚ್ಚಿಟ್ಟುಕೊಂಡು ಮಾಡುವುದೇನು ಎಂದು ಹೇಳುತ್ತಿದ್ದೇನೆ.

ಅದು ಡಾಟ್‌ಕಾಂ ಕಾಲ. ಹಾಸನದ ಕಡೆಯ ನಾನು ಎಸ್ಸೆಸ್ಸೆಲ್ಸಿಯವರೆಗೆ ಓದಿದವನು. ಅಮೆರಿಕದಲ್ಲಿದ್ದ ಜಯಮ್ಮನ ಅಕ್ಕ ಅರ್ಜಿ ಹಾಕಿ ಕರೆಸಿಕೊಂಡದ್ದರಿಂದ ನಡುವಯಸ್ಸು ದಾಟಿದ ಮೇಲೆ ಹೇವರ್ಡ್‌ಗೆ ಬಂದು, ಇಂಟರ್ನೆಟ್ಟಿನಲ್ಲಿ ಹೂಕುಂಡ ಮಾರುವ ಕಂಪನಿಯೊಂದರ ಗೋದಾಮಿನಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸುತ್ತಿದ್ದೆ. ಹೂಕುಂಡವನ್ನು ನೋಡದೆ, ತಟ್ಟದೆ ಯಾರು ಕೊಳ್ಳುತ್ತಾರೆ ಎಂದು ನಾನು ಕೇಳಿದರೆ, ಷೇರು ಮೇಲೇರುತ್ತಿದೆಯಲ್ಲ, ಸುಮ್ಮನಿರು ಎನ್ನುತ್ತಿದ್ದರು. ನಾವು ಬಾಡಿಗೆಗಿದ್ದದ್ದು ಪಾಟೀಲರ ಮನೆಯ ಹಿಂಭಾಗದಲ್ಲಿ. ಪಾಟೀಲರು ಹುಬ್ಬಳ್ಳಿಯವರು, ರೆಡ್‌ವುಡ್ ಸಿಟಿಯಲ್ಲಿ ದೊಡ್ಡ ಎಂಜಿನಿಯರು. ದಿನಾ ಕೊಲ್ಲಿಯ ಮೇಲಿನ ಸೇತುವೆ ದಾಟಿ ಹೋಗಿ, ಸೇತುವೆ ದಾಟಿ ಬರುತ್ತಿದ್ದರು. ಒಮ್ಮೆ ಏಣಿ ಕೇಳಲು ಅವರ ಗ್ಯಾರೇಜಿಗೆ ಹೋದರೆ, ಮನುಷ್ಯ ಅಡುಗೆಭಟ್ಟನ ಹಾಗೆ ಏಪ್ರನ್ ಕಟ್ಟಿಕೊಂಡು ಪಿಸ್ತೂಲಿನ ತೋಟಾಗಳ ರಾಶಿಯ ಮುಂದೆ ಕೂತಿದ್ದರು. ನಾನು ಏಣಿಯನ್ನು ಮರೆತು ಹಿಂದಕ್ಕೆ ಹೆಜ್ಜೆ ಇಟ್ಟೆ.

"ಬರ್ರಿ ಗೌಡ್ರ, ಯಾಕ ಹಿಂದ ಸರೀತೀರಿ? ನಾ ಹೊಡಿಯೂದು ಕಾಗದಕ್ಕ ಅಷ್ಟ. ಮನುಷ್ಯಾರಿಗೆ ಮೀಟಿಂಗಿನ್ಯಾಗ ಬೈತೀನಿ, ಸಾಕು."

ಶನಿವಾರ ಸರಟೋಗಾದ ಬೆಟ್ಟದ ಮೇಲಿನ ಶೂಟಿಂಗ್ ರೇಂಜಿಗೆ ಹೋಗಿ ಕಾಗದದ ಗುರಿಗೆ ಗುಂಡು ಹೊಡೆಯುವುದು ಅವರ ಹವ್ಯಾಸ. ಹೊಡೆದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಕೊಳವೆಗಳನ್ನು ಆಯ್ದು ತಂದು, ತೊಳೆದು, ಹೊಸ ಮದ್ದು ತುಂಬಿ, ಮೇಲೊಂದು ಗುಂಡು ಕೂರಿಸಿ ಮತ್ತೆ ತೋಟಾ ಮಾಡುವುದು ಹವ್ಯಾಸದೊಳಗಿನ ಹವ್ಯಾಸ. ಇದರಲ್ಲಿ ಇರುವ ಕಷ್ಟ ಒಂದೇ: ಪ್ರತಿ ತೋಟಾದಲ್ಲೂ ಮದ್ದು ಒಂದೇ ಸಮನಾಗಿರಬೇಕು. ಕಡಿಮೆಯಾದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಹೆಚ್ಚಾದರೆ ಪಿಸ್ತೂಲು ಹಿಡಿದ ಕೈಯಲ್ಲೇ ಸಿಡಿಯಬಹುದು. ಹೆಚ್ಚು ಕಡಿಮೆ ಎಂದರೆ ಸೇರು ಪಾವಿನ ಲೆಕ್ಕವಲ್ಲ. ನಶ್ಯದ ಚಿಟಿಕೆಯಿಂದ ಉದುರಿಹೋಗುವಷ್ಟು.

ಅದಕ್ಕೊಂದು ಅಳತೆ ಯಂತ್ರ ಇತ್ತು. ಮೇಲೆ ಮದ್ದು ತುಂಬುವ ಗಾಜಿನ ಹಾಗಿನ ಕೊಳಗ, ಕೆಳಗೆ ತಿರುಗುವ ಉರುಳೆ, ಉರುಳೆಯಲ್ಲೊಂದು ಗುಳಿ, ಪಕ್ಕದಲ್ಲಿ ಹಿಡಿ. ಹಿಡಿ ಎತ್ತಿದರೆ ಗುಳಿಗೆ ಮದ್ದು ತುಂಬುತ್ತದೆ, ಇಳಿಸಿದರೆ ಕೊಳವೆಗೆ ಬೀಳುತ್ತದೆ. ಯಂತ್ರ ಇದ್ದ ಮೇಲೆ ಕಷ್ಟವೇನು ಎಂದು ನಾನೂ ಕೇಳಿದೆ. ಪಾಟೀಲರು ನಕ್ಕು ಹಿಡಿಯನ್ನು ನನ್ನ ಕೈಗೆ ಕೊಟ್ಟರು. ನಾನು ಎಳೆದದ್ದನ್ನು ಪುಟ್ಟ ತಕ್ಕಡಿಯಲ್ಲಿ ತೂಗಿದರೆ ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಜೋರಾಗಿ ಎಳೆದರೆ ಮದ್ದು ಅದುಮಿಕೊಂಡು ಹೆಚ್ಚು ತುಂಬುತ್ತದೆ, ಮೆಲ್ಲಗೆ ಎಳೆದರೆ ಸಡಿಲವಾಗಿ ಕಡಿಮೆ ತುಂಬುತ್ತದೆ. ಮೇಜು ಅಲುಗಿದರೂ ಲೆಕ್ಕ ತಪ್ಪುತ್ತದೆ. ಕೊಳಗದಲ್ಲಿ ಮದ್ದು ಅರ್ಧಕ್ಕಿಂತ ಕೆಳಗಿಳಿದರೂ ತಪ್ಪುತ್ತದೆ. ಪಾಟೀಲರು ಎಳೆಯುವುದನ್ನು ನೋಡಬೇಕಿತ್ತು. ಎತ್ತುವುದು, ಒಂದು ಉಸಿರು ನಿಲ್ಲುವುದು, ಇಳಿಸುವುದು, ಬೆರಳಿನಿಂದ ಒಮ್ಮೆ ತಟ್ಟುವುದು. ಮತ್ತೆ ಅದೇ. ನಡುನಡುವೆ ಒಂದನ್ನು ತೂಗಿದರೆ ತಕ್ಕಡಿಯ ಮುಳ್ಳು ಅದೇ ಗೆರೆಯ ಮೇಲೆ ಬಂದು ಸಾಧುವಿನಂತೆ ಕೂರುತ್ತಿತ್ತು. ನಾನು ಸಂಗೀತ ಕಛೇರಿಗೆ ಹೋದವನಲ್ಲ, ಆದರೆ ತಾಳ ಎಂದರೇನೆಂದು ಅಲ್ಲಿ ತಿಳಿಯಿತು.

ಆಗ ಊರಿಗೆ ಊರೇ ಷೇರಿನ ಜ್ವರದಲ್ಲಿತ್ತು. ಪಾಟೀಲರ ಗೆಳೆಯರು ಗಳಿಗೆಗೊಮ್ಮೆ ಫೋನು ಮಾಡಿ ಯಾವುದು ಏರಿತು, ಯಾವುದು ಇಳಿಯಿತು ಎಂದು ಹೇಳುತ್ತಿದ್ದರು. ಗ್ಯಾರೇಜಿಗೆ ಬಂದರೆ ಪಾಟೀಲರು ಆ ಫೋನನ್ನು ಬಟ್ಟೆ ಒಗೆಯುವ ಮೆಷೀನಿನೊಳಗಿಟ್ಟು ಮುಚ್ಚಳ ಹಾಕುತ್ತಿದ್ದರು. "ಹೊರಗ ಏನರೆ ಏರ್ಲಿ, ಏನರೆ ಇಳೀಲಿ ಗೌಡ್ರ. ಇಲ್ಲೆ ಏರಂಗಿಲ್ಲ, ಇಳಿಯಂಗಿಲ್ಲ." ಆ ಗ್ಯಾರೇಜಿಗೆ ಇದ್ದ ಕಾನೂನು ಎರಡೇ. ಮಾತಾಡುತ್ತ ಹಿಡಿ ಎಳೆಯಬಾರದು. ಮದ್ದು, ಕೊಳವೆ, ಗುಂಡು ಬಿಟ್ಟು ಬೇರೇನೂ ಆ ಮೇಜಿನ ಮೇಲೆ ಬರಬಾರದು, ಕಾಫಿ ಲೋಟವೂ ಸಹ.

ಅವರ ಪಕ್ಕದಲ್ಲಿ ಕೂತು ನಾನೂ ಕಲಿಯತೊಡಗಿದೆ. ನಾನು ಎಳೆದದ್ದನ್ನು ತೂಗಿ ಅವರು ನನ್ನ ಜಾತಕ ಹೇಳುತ್ತಿದ್ದರು. ಮುಳ್ಳು ಮೇಲೆ ಹೋದರೆ "ಇವತ್ತ ಜಯಮ್ಮಾರ ಜೋಡಿ ಜಗಳಾಗೇದ" ಎನ್ನುವರು. ಕೆಳಗೆ ಬಂದರೆ "ಊಟ ಭಾರಿ ಆಗೇದ, ನಿದ್ದಿ ಬರಾಕತ್ತೇದ." ಎರಡೂ ನಿಜವಾಗಿರುತ್ತಿದ್ದವು. ತಿಂಗಳುಗಟ್ಟಲೆ ಬೈಸಿಕೊಂಡ ಮೇಲೆ ನನ್ನ ಮುಳ್ಳೂ ಒಂದು ಕಡೆ ನಿಲ್ಲತೊಡಗಿತು. ಕೊನೆಗೆ ಅವರ ಆಫೀಸಿನಲ್ಲಿ ಏನೋ ಹೊಸ ಪ್ರಾಡಕ್ಟಿನ ಲಾಂಚು ಬಂದು ಪುರುಸೊತ್ತಿಲ್ಲದಾದಾಗ, ಗ್ಯಾರೇಜಿನ ಕೀಲಿ ಕೊಟ್ಟು, "ಈ ಶನಿವಾರ ಸ್ಪರ್ಧೆ ಅದ. ತೋಟಾ ನೀವ ತುಂಬ್ರಿ" ಎಂದರು. ನನಗೆ ಮಠದ ಪಟ್ಟ ಕಟ್ಟಿದಂತಾಯಿತು.

ಆ ವಾರವೇ ಆಯುಧಪೂಜೆ. ಹೊಸದಾಗಿ ಕೈಗೆ ಬಂದ ಯಂತ್ರ, ಅದೂ ನಿಜವಾದ ಆಯುಧಕ್ಕೆ ಸಂಬಂಧಪಟ್ಟದ್ದು. ಪೂಜೆ ಮಾಡದೆ ಬಿಡುವುದು ಹೇಗೆ? "ಮದ್ದಿನ ಮನೆ, ಊದುಬತ್ತಿ ಕರ್ಪೂರ ಹಚ್ಚೀರ ಮತ್ತೆ" ಎಂದು ಜಯಮ್ಮ ಎಚ್ಚರಿಸಿದಳು. "ನನಗೇನು ಅಷ್ಟೂ ಬುದ್ಧಿ ಇಲ್ವಾ?" ಎಂದೆ. ಬೆಂಕಿಯ ಹತ್ತಿರಕ್ಕೇ ಹೋಗದೆ, ಯಂತ್ರದ ಹಣೆಗೆ ಕುಂಕುಮ ಇಟ್ಟು, ಹೂ ಮುಡಿಸಿ, ತುಪ್ಪದಲ್ಲಿ ಕಲಸಿದ ಅಕ್ಷತೆಯನ್ನು ಮೇಲಿಂದ ಹಾಕಿ ಕೈಮುಗಿದೆ. ಕೊಳಗದ ಮುಚ್ಚಳ ತೆಗೆದಿತ್ತು ಎಂಬುದು ಭಕ್ತಿಯಲ್ಲಿ ಕಾಣಲಿಲ್ಲ.

ಮೇಲಿದ್ದದ್ದನ್ನೆಲ್ಲ ಒರೆಸಿ ಕೆಲಸಕ್ಕೆ ಕೂತೆ. ಮೊದಲು ಎಳೆದದ್ದನ್ನು ತೂಗಿದರೆ ಕಡಿಮೆ ಬಂತು. ಇನ್ನೊಂದು, ಅದೂ ಅಷ್ಟೇ ಕಡಿಮೆ. ಅಳತೆಯ ತಿರುಪು ಸಡಿಲವಾಗಿರಬೇಕೆಂದು ಅದನ್ನು ಸ್ವಲ್ಪ ತಿರುಗಿಸಿ ಗುಳಿಯನ್ನು ದೊಡ್ಡದು ಮಾಡಿದೆ. ತೂಕ ಸರಿಹೋಯಿತು. ಆಮೇಲೆ ನನ್ನ ಕೈಗೆ ಎಂಥ ಲಯ ಬಂತೆಂದರೆ, ನಡುವೆ ನಿಲ್ಲಿಸಿ ತೂಗಲು ಮನಸ್ಸೇ ಬರಲಿಲ್ಲ. ಎತ್ತು, ಉಸಿರು, ಇಳಿಸು, ತಟ್ಟು. ತೋಟಾಗಳೆಲ್ಲ ಮುಗಿದು, ಉಳಿದ ಮದ್ದನ್ನು ತಟ್ಟೆಗೆ ಸುರಿದಾಗ ಅದರ ಜೊತೆ ಹಳದಿಯ ಎರಡು ಅಕ್ಕಿಕಾಳು ಬಿದ್ದವು.  ಮತ್ತೆ ಮದ್ದು ಹಾಕಿ ಒಂದನ್ನು ಎಳೆದು ತೂಗಿದೆ. ಮುಳ್ಳು ಗೆರೆ ದಾಟಿ ಎಲ್ಲೋ ಮೇಲೆ ಹೋಯಿತು. ಇಂಥದೇ ಇನ್ನೊಂದು ತುಪ್ಪದ ಕಾಳು ಗುಳಿಯಲ್ಲಿ ಅಂಟಿ ಜಾಗ ಹಿಡಿದಿತ್ತು. ನಾನು ಅದಕ್ಕೆ ಸರಿಯಾಗಿ ಗುಳಿ ದೊಡ್ಡದು ಮಾಡಿದ್ದೆ. ಆ ಕಾಳು ನಡುವೆ ಎಲ್ಲೋ ಕಳಚಿಕೊಂಡು ಯಾವುದೋ ಕೊಳವೆಗೆ ಬಿದ್ದಿತ್ತು. ಅಲ್ಲಿಂದಾಚೆಗಿನ ತೋಟಾಗಳೆಲ್ಲ ಭಾರ. ಯಾವುವು ಅವು? ಹೊರಗಿನಿಂದ ಎಲ್ಲವೂ ಒಂದೇ ತಾಯಿಯ ಮಕ್ಕಳ ಹಾಗೆ ಫಳಫಳ ಹೊಳೆಯುತ್ತಿದ್ದವು.

ಆಗಲೇ ಹೇಳಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಸಂಜೆ ಪಾಟೀಲರು ಬಂದು, "ತೂಕ ಹೆಂಗ ಬಂತ್ರಿ?" ಎಂದು ಕೇಳಿದರು. ಕೀಲಿ ಕೈಗೆ ಬಂದ ಮೊದಲ ವಾರ. ಮೇಜಿನ ಮೇಲೆ ಕಾಫಿ ಲೋಟ ಇಡಬಾರದ ಕಡೆ ದೇವರನ್ನೇ ಇಟ್ಟಿದ್ದೆ ಎಂದು ಹೇಗೆ ಹೇಳಲಿ? "ಒಂದೇ ಸಮ" ಎಂದುಬಿಟ್ಟೆ. ಅವರು ನನ್ನ ಬೆನ್ನು ತಟ್ಟಿದರು.

"ಹೇಳಿಬಿಡಿ" ಎಂದಳು ಜಯಮ್ಮ. "ಪೂಜೆ ಮಾಡಿ ಕಳ್ಳನ ಹಾಗೆ ಕೂತಿದ್ದೀರಲ್ಲ. ಆ ಮನುಷ್ಯನ ಕೈಗೇನಾದ್ರೂ ಆದ್ರೆ ಯಾರ ಮುಖ ನೋಡ್ತೀರಿ?"

ಶನಿವಾರ ಕಾರಿನಲ್ಲೇ ಹೇಳುವುದೆಂದು ನಿಶ್ಚಯಿಸಿ ಜೊತೆಗೆ ಹೊರಟೆ. ಫ್ರೀವೇಯಲ್ಲಿ ಪ್ರತಿ ಎಕ್ಸಿಟ್ಟು ಬಂದಾಗಲೂ ಮುಂದಿನ ಎಕ್ಸಿಟ್ಟಿನಲ್ಲಿ ಹೇಳೋಣ ಎಂದುಕೊಂಡೆ. ಎಕ್ಸಿಟ್ಟುಗಳು ಮುಗಿದು ಬೆಟ್ಟ ಬಂತು. ಪಾಟೀಲರು ಸಾಲಿನಲ್ಲಿ ನಿಂತು ನನ್ನ ತೋಟಾಗಳನ್ನು ಪಿಸ್ತೂಲಿಗೆ ತುಂಬಿ, ಕೈ ಎತ್ತಿದರು. ಆಗ ನಾನು, "ಪಾಟೀಲ್ರೆ, ಒಂದು ವಿಷಯ" ಎಂದೆ. ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡಿದ್ದ ಅವರಿಗೆ ಅದು ಕೇಳುವುದೆಲ್ಲಿ? ಅವರ ಬೆರಳು ಪಿಸ್ತೂಲಿನ ಕುದುರೆಯ ಮೇಲೆ ಹೋಯಿತು. ನಾನು ಗಂಟಲು ಹರಿಯುವಂತೆ "ನಿಲ್ಸಿ" ಎಂದು ಕೂಗಿಕೊಂಡೆ. ಅಲ್ಲಿ ಯಾರು ಯಾವ ಭಾಷೆಯಲ್ಲಿ ಹಾಗೆ ಕೂಗಿದರೂ ಎಲ್ಲರೂ ಪಿಸ್ತೂಲು ಕೆಳಗಿಡಬೇಕೆಂಬ ನಿಯಮ. ರೇಂಜಿನ ಕಾವಲಿನವನು ಸೀಟಿ ಊದಿದ. ಇಡೀ ಸಾಲು ಸ್ತಬ್ಧವಾಯಿತು. ಗುಡ್ಡಕ್ಕೆ ಗುಡ್ಡವೇ ನನ್ನತ್ತ ತಿರುಗಿ ನೋಡುತ್ತಿರುವಾಗ, ನಾನು ಕುಂಕುಮ, ಅಕ್ಷತೆ, ತುಪ್ಪ, ತಿರುಪು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ.

ಕಾವಲಿನವನು ಓಡಿಬಂದು ಏನಾಯಿತೆಂದು ಪಾಟೀಲರನ್ನು ಕೇಳಿದ. ಪಾಟೀಲರು ತೋಟಾಗಳನ್ನು ಒಂದೊಂದಾಗಿ ಹೊರತೆಗೆಯುತ್ತ, "ನಥಿಂಗ್ ಸರ್, ಸ್ಮಾಲ್ ರಿಲಿಜಿಯಸ್ ಪ್ರಾಬ್ಲಮ್" ಎಂದರು.

ಸ್ಪರ್ಧೆ ಬಿಟ್ಟು ಮನೆಗೆ ಬಂದೆವು. ದಾರಿಯುದ್ದಕ್ಕೂ ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಗ್ಯಾರೇಜಿನಲ್ಲಿ ಕೂತು, ಸುತ್ತಿಗೆಯಂಥ ಒಂದು ಸಾಧನದಲ್ಲಿ ತೋಟಾಗಳನ್ನು ಒಂದೊಂದಾಗಿ ಸಿಕ್ಕಿಸಿ ನೆಲಕ್ಕೆ ಕುಟ್ಟಿ, ಗುಂಡು ಬೇರೆ ಮದ್ದು ಬೇರೆ ಮಾಡಿ ತೂಗಿದೆವು. ಅಷ್ಟು ತೂಗುವಾಗಲೂ ಅವರ ಕೈ ಒಂದು ಕೂದಲೆಳೆ ನಡುಗಲಿಲ್ಲ; ಅದೇ ಎತ್ತುವಿಕೆ, ಅದೇ ತಟ್ಟುವಿಕೆ. ಭಾರವಾದವು ಬರತೊಡಗಿದ ಜಾಗದಲ್ಲಿ ಒಂದು ಕೊಳವೆಯಿಂದ ಮದ್ದಿನ ಜೊತೆ ಹಳದಿ ಕಾಳೊಂದು ಉದುರಿತು. ಪಾಟೀಲರು ಅದನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಗೌಡ್ರ, ಪೂಜಾ ಮಾಡಿದ್ದು ತಪ್ಪಲ್ಲ. ನಮ್ಮನ್ಯಾಗೂ ಮಾಡ್ತೀವಿ. ಆದ್ರ ಮುಳ್ಳು ಒಂದು ಹೇಳೂದು, ನೀವು ಒಂದು ಹೇಳೂದು, ಅದು ಬ್ಯಾಡ."

"ಇನ್ನು ನಾನು ಆ ಹಿಡಿ ಮುಟ್ಟಲ್ಲ" ಎಂದು ಕೀಲಿಯನ್ನು ಅವರ ಮುಂದಿಟ್ಟೆ.

"ಯಾರು ಬಿಟ್ಟಾರ ನಿಮ್ಮನ್ನ? ಬರೂ ಶನಿವಾರಕ್ಕ ನೀವ ತುಂಬ್ರಿ" ಎಂದು ಕೀಲಿಯನ್ನು ನನ್ನ ಕಡೆಗೇ ತಳ್ಳಿದರು. "ಆದ್ರ ಈ ಸಲ ಹೊಡಿಯೂದೂ ನೀವ. ನಿಮ್ಮ ತೋಟಾ, ನಿಮ್ಮ ಕೈ."

ಆ ವಾರ ನಾನು ತುಂಬಿದ ತೋಟಾಗಳಂಥವನ್ನು ಇಡೀ ಕ್ಯಾಲಿಫೋರ್ನಿಯಾದಲ್ಲಿ ಯಾರೂ ತುಂಬಿರಲಾರರು. ಪ್ರತಿಯೊಂದನ್ನೂ ತೂಗಿದೆ. ತೂಗಿದ್ದನ್ನು ಮತ್ತೆ ತೂಗಿದೆ. ತಕ್ಕಡಿಯ ಮೇಲೇ ಅನುಮಾನ ಬಂದು ಅದನ್ನು ಒರೆಸಿ ಇನ್ನೊಮ್ಮೆ ತೂಗಿದೆ. ಪಾಟೀಲರು ಬಂದು ನೋಡಿ, ಮುಳ್ಳು ಎಲ್ಲದಕ್ಕೂ ಒಂದೇ ಗೆರೆಯ ಮೇಲೆ ನಿಲ್ಲುವುದನ್ನು ಕಂಡು, "ಕೈ ಕೂತದ ನೋಡ್ರಿ ನಿಮಗ. ಏನ್ ಮಾಡಿದ್ರಿ?" ಎಂದು ನಿಜವಾಗಿಯೂ ಸಂತೋಷಪಟ್ಟರು. ಅಭ್ಯಾಸ ಎಂದು ಹೇಳಿದೆ. ಇಷ್ಟು ವರ್ಷವಾದ ಮೇಲೆ ಹೇಳುವುದಾದರೆ ಅದು ಅಭ್ಯಾಸವಲ್ಲ. ಹೋಗುವುದು ಅವರ ಬೆರಳು ಎಂದಾಗ ನಡುನಡುವೆ ತೂಗುವುದಕ್ಕೂ ಬೇಸರಪಟ್ಟಿದ್ದ ನನಗೆ, ಹೋಗುವುದು ನನ್ನ ಬೆರಳು ಎಂದು ಗೊತ್ತಾದ ಕೂಡಲೇ ಮದ್ದಿನ ಒಂದೊಂದು ಕಣವೂ ಬೇರೆಬೇರೆಯಾಗಿ ಕಾಣತೊಡಗಿತ್ತು.